ಮರಳಿ ಬರುವಿರಾ? ವೀಸಾ ಎಂಬ ಮುದ್ರೆಯ ಇತಿಹಾಸ



ಹಾವೇರಿ ಸೀಮೆಯಲ್ಲಿ ನಾನು ಸೇವೆ ಸಲ್ಲಿಸುತ್ತಿದ್ದಾಗ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಒಂದು ಭಾನುವಾರ ಬಲಿಪೂಜೆ ಮುಗಿದು ಭಕ್ತಾದಿಗಳೆಲ್ಲ ಮನೆಗೆ ಮರಳಿದ ಮೇಲೂ ರಾಣೇಬೆನ್ನೂರು ಕಡೆಯ ಹಳ್ಳಿಯೊಂದರ ವಯಸ್ಸಾದ ದಂಪತಿಗಳು ಗುರುನಿವಾಸದ ಕಟ್ಟೆಯ ಮೇಲೆ ಕುಳಿತೇ ಇದ್ದರು. ಯಜಮಾನರ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದಪ್ಪನೆಯ ಫೈಲು ಇತ್ತು. ವಿದೇಶದಲ್ಲಿ ನೆಲೆಸಿದ್ದ ಅವರ ಮಗಳಿಗೆ ಚೊಚ್ಚಲ ಹೆರಿಗೆಯ ಸಮಯ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ನಾಡಿನ ರೂಢಿ. ಮಗಳು ತವರಿಗೆ ಬರಲಾಗದ ಕಾರಣ ತವರೇ ಮಗಳ ಬಳಿಗೆ ಹೊರಟಿತ್ತು. ಅದಕ್ಕಾಗಿ ಸಂದರ್ಶಕ ವೀಸಾಗೆ ಅರ್ಜಿ ಹಾಕಿ, ರಾತ್ರಿಯಿಡೀ ರೈಲಿನಲ್ಲಿ ಪ್ರಯಾಣ ಮಾಡಿ, ದೂರದ ಮಹಾನಗರದ ದೂತಾವಾಸವೊಂದರ ಕಿಟಕಿಯ ಮುಂದೆ ಅವರಿಬ್ಬರೂ ನಿಂತು ಬಂದಿದ್ದರು.

ಅಲ್ಲಿ ಕೇಳಿದ್ದು ನಾಲ್ಕೈದು ಪ್ರಶ್ನೆಗಳು. ತಿಂಗಳುಗಟ್ಟಲೆ ಅಲೆದು ಜೋಡಿಸಿದ ಫೈಲನ್ನು ಯಾರೂ ತೆರೆದು ನೋಡಲಿಲ್ಲ. ಎರಡು ಮೂರು ನಿಮಿಷಗಳಲ್ಲಿ ಪಾಸ್‌ಪೋರ್ಟುಗಳೊಂದಿಗೆ ಒಂದು ಅಚ್ಚಾದ ಚೀಟಿ ಅವರ ಕೈಗೆ ಬಂತು. ನೀವು ಸ್ವದೇಶಕ್ಕೆ ಮರಳುವಿರೆಂಬುದು ನಮಗೆ ಮನದಟ್ಟಾಗಿಲ್ಲ ಎಂಬುದು ಅದರ ತಾತ್ಪರ್ಯ. ಯಜಮಾನರು ಆ ಚೀಟಿಯನ್ನು ನನ್ನ ಮುಂದೆ ಹಿಡಿದು, “ಫಾದರ್, ನಾಕು ಎಕರೆ ಹೊಲ ಐತಿ, ಎತ್ತು ಅದಾವು, ಮನ್ಯಾಗ ವಯಸ್ಸಾದ ನಮ್ಮವ್ವ ಅದಾಳ. ಇವನ್ನೆಲ್ಲ ಬಿಟ್ಟು ನಾವು ಅಲ್ಲಿ ಯಾಕ ಇರ್ತೀವ್ರಿ? ವಾಪಸ್ ಬರೂದಿಲ್ಲ ಅಂತ ಅವರಿಗೆ ಹೆಂಗ ಅನಿಸ್ತು?” ಎಂದು ಕೇಳಿದರು. ಪಕ್ಕದಲ್ಲಿದ್ದ ತಾಯಿ ಏನೂ ಮಾತನಾಡಲಿಲ್ಲ. ಮಗಳಿಗೆಂದು ಕುಟ್ಟಿಸಿಟ್ಟ ಬ್ಯಾಡಗಿ ಮೆಣಸಿನ ಖಾರದ ಪುಡಿಯನ್ನು ಏನು ಮಾಡಬೇಕೆಂಬುದೇ ಅವರ ಚಿಂತೆಯಾಗಿತ್ತು.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬ ರೈತನನ್ನು ‘ಮರಳಿ ಬರುವೆಯಾ?’ ಎಂದು ಕೇಳುವ ಈ ಪದ್ಧತಿ ಎಂದಿನಿಂದ ಬಂತು? ಯಾಕಾಗಿ ಬಂತು? ಇದನ್ನು ತಿಳಿಯಲು ಅಂದಿನಿಂದ ಓದಿಕೊಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ. ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಆದ್ದರಿಂದ ಇದು ನಮಗೆ ದೂರದ ವಿಷಯವಲ್ಲ.

ರಾಜಮುದ್ರೆಯ ಕಾಲ

ಪ್ರಯಾಣಿಕನು ಪತ್ರ ಹಿಡಿದು ಹೋಗುವ ರೂಢಿ ಬಹಳ ಹಳೆಯದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಪರ್ಷಿಯಾದ ಅರಸ ಅರ್ತಷಸ್ತನ ಆಸ್ಥಾನದಲ್ಲಿ ಪಾನಸೇವಕನಾಗಿದ್ದ ನೆಹೆಮೀಯನು ಜೆರುಸಲೇಮಿನ ಗೋಡೆಯನ್ನು ಕಟ್ಟಲು ಹೊರಟಾಗ, ಯೂಫ್ರೆಟಿಸ್ ನದಿಯಾಚೆಯ ರಾಜ್ಯಪಾಲರಿಗೆ ಪತ್ರಗಳನ್ನು ಬರೆದುಕೊಡಬೇಕೆಂದು ಅರಸನನ್ನು ಬೇಡಿಕೊಂಡ ಸಂಗತಿ ಬೈಬಲಿನಲ್ಲಿದೆ. ಕುತೂಹಲದ ವಿಷಯವೆಂದರೆ, ಅರಸನು ಅವನನ್ನು ಕೇಳಿದ್ದೂ ಬಹುಮಟ್ಟಿಗೆ ಇದೇ ಪ್ರಶ್ನೆ: ಪ್ರಯಾಣಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಯಾವಾಗ ಹಿಂದಿರುಗುವೆ? ನೆಹೆಮೀಯನು ಒಂದು ಅವಧಿಯನ್ನು ಹೇಳಿದ ಮೇಲೆಯೇ ಅವನಿಗೆ ಅನುಮತಿ ದೊರೆಯಿತು. ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ಅಂದು ಆ ಪ್ರಶ್ನೆ ಕೇಳಿದ್ದು ಕಳುಹಿಸಿಕೊಡುವ ಅರಸ. ಇಂದು ಕೇಳುವುದು ಬರಮಾಡಿಕೊಳ್ಳುವ ದೇಶ.

ನಮ್ಮ ದೇಶದಲ್ಲಿಯೂ ಇಂತಹ ವ್ಯವಸ್ಥೆ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರವು ‘ಮುದ್ರಾಧ್ಯಕ್ಷ’ನೆಂಬ ಅಧಿಕಾರಿಯನ್ನು ಹೆಸರಿಸುತ್ತದೆ. ಒಂದು ಮಾಷಕ ಶುಲ್ಕ ಪಡೆದು ಮುದ್ರೆಯುಳ್ಳ ಪತ್ರ ಕೊಡುವುದು ಅವನ ಕೆಲಸ. ಮುದ್ರೆಯಿದ್ದವನು ರಾಜ್ಯದೊಳಗೆ ಬರಬಹುದು, ಹೊರಗೆ ಹೋಗಬಹುದು. ಮುದ್ರೆಯಿಲ್ಲದೆ ಗಡಿ ದಾಟಿದ ನಾಡಿನ ಪ್ರಜೆಗೆ 12 ಪಣ ದಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ‘ಕರ್ತಾಜ್’ ಎಂಬ ರಹದಾರಿಯನ್ನು ಜಾರಿಗೆ ತಂದರು. ಪಶ್ಚಿಮ ಕರಾವಳಿಯಿಂದ ಹೊರಡುವ ಹಡಗು ಆ ಕಾಗದವನ್ನು ಹಣ ತೆತ್ತು ಪಡೆಯಬೇಕಾಗಿತ್ತು. ಕಾಗದವಿಲ್ಲದ ಹಡಗನ್ನೂ ಅದರಲ್ಲಿನ ಸರಕನ್ನೂ ವಶಪಡಿಸಿಕೊಳ್ಳುತ್ತಿದ್ದರು.

ಹೀಗಿದ್ದರೂ ಇವೆಲ್ಲ ವ್ಯಾಪಾರಿಗಳಿಗೆ, ದೂತರಿಗೆ, ಹಡಗುಗಳಿಗೆ ಸಂಬಂಧಿಸಿದವು. ಮಗಳ ಬಾಣಂತನಕ್ಕೆ ಹೋಗುವ ತಾಯಿಯನ್ನು ಪರಿಶೀಲಿಸುವ ಪದ್ಧತಿ ಆಗಿರಲಿಲ್ಲ. ‘ವೀಸಾ’ ಎಂಬುದು ಲ್ಯಾಟಿನ್ ಮೂಲದ ಪದ. ‘ನೋಡಲಾಗಿದೆ’ ಎಂದು ಅದರ ಅರ್ಥ. ಅಧಿಕಾರಿಯೊಬ್ಬನು ಪತ್ರವನ್ನು ನೋಡಿ ಹಾಕಿದ ಗುರುತಷ್ಟೇ ಅದು.

ಯುದ್ಧ ತಂದ ಪುಸ್ತಕ

ಇಂದು ನಮ್ಮ ಕೈಯಲ್ಲಿರುವ ಪಾಸ್‌ಪೋರ್ಟ್ ಹುಟ್ಟಿದ್ದು ಶಾಂತಿಯ ಕಾಲದಲ್ಲಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗುವ ಮುನ್ನ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವ ಪದ್ಧತಿಯೇ ಇರಲಿಲ್ಲ. ಯುದ್ಧಕಾಲದಲ್ಲಿ ಗೂಢಚಾರರ ಭಯ ಎಲ್ಲ ದೇಶಗಳನ್ನೂ ಆವರಿಸಿತು. ಭಾರತ ರಕ್ಷಣಾ ಕಾಯಿದೆಯ ಅಡಿಯಲ್ಲಿ ದೇಶದಿಂದ ಹೊರಡಲೂ ದೇಶಕ್ಕೆ ಬರಲೂ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಯುದ್ಧ ಮುಗಿದ ಆರು ತಿಂಗಳಿಗೆ ಆ ಕಾಯಿದೆ ಕೊನೆಗೊಂಡರೂ ಪದ್ಧತಿ ಕೊನೆಗೊಳ್ಳಲಿಲ್ಲ. 1920ರಲ್ಲಿ ಭಾರತೀಯ ಪಾಸ್‌ಪೋರ್ಟ್ ಕಾಯಿದೆ ಬಂತು. ಮುಂದೆ ‘ಭಾರತ ಪ್ರವೇಶ’ದ ಕಾಯಿದೆಯೆಂದು ಹೆಸರು ಬದಲಾದ ಅದು 2025ರವರೆಗೆ, ಅಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು.

ಅದೇ 1920ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘವು ಪ್ಯಾರಿಸ್ಸಿನಲ್ಲಿ ಒಂದು ಸಮ್ಮೇಳನವನ್ನು ಕರೆಯಿತು. ಯುದ್ಧಕಾಲದ ಈ ನಿರ್ಬಂಧಗಳನ್ನು ಮುಂದೊಂದು ದಿನ ಪೂರ್ತಿಯಾಗಿ ತೆಗೆದುಹಾಕಬೇಕೆಂಬ ಆಶಯ ಅಲ್ಲಿ ವ್ಯಕ್ತವಾಯಿತು. ಆದರೆ ಆ ದಿನ ಇನ್ನೂ ಬಂದಿಲ್ಲವೆಂದು ಹೇಳಿ, ಸದ್ಯಕ್ಕೆ ಎಲ್ಲ ದೇಶಗಳೂ ಒಂದೇ ಮಾದರಿಯ 32 ಪುಟಗಳ ಪುಸ್ತಕವನ್ನು ಬಳಸಲಿ ಎಂದು ಸಮ್ಮೇಳನ ಸಲಹೆ ನೀಡಿತು. ಸದ್ಯಕ್ಕೆಂದು ಮಾಡಿದ ಆ ಏರ್ಪಾಟು ಇಂದಿಗೂ ನಮ್ಮ ಜೇಬಿನಲ್ಲಿದೆ.

ಆಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಯಲ್ಲಿದ್ದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಸೀಮೆಯವರಿಗೆ ಸಮುದ್ರಯಾನದ ಬಾಗಿಲೂ ಮುಂಬಯಿಯೇ. ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಓದಿ ಬಂದರು. ಆ ಪ್ರವಾಸದ ಫಲವಾಗಿ ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನ ದೊರೆಯಿತು. ಅಂದಿನ ಬ್ರಿಟಿಷ್ ಇಂಡಿಯಾದ ಪ್ರಜೆ ಇಂಗ್ಲೆಂಡಿಗೆ ಹೋಗಲು ಪಾಸ್‌ಪೋರ್ಟ್ ಬೇಕಿತ್ತು, ವೀಸಾ ಬೇಕಿರಲಿಲ್ಲ. ಪರತಂತ್ರ ಭಾರತೀಯನಿಗೆ ತೆರೆದಿದ್ದ ಬಾಗಿಲಿನಲ್ಲಿ ಸ್ವತಂತ್ರ ಭಾರತೀಯನು ಕಾಯಬೇಕಾಗಿ ಬಂದದ್ದು ಇತಿಹಾಸದ ವಿಪರ್ಯಾಸ.

ಮುಚ್ಚಿದ ಬಾಗಿಲುಗಳು

ಹಾಗೆಂದು ಆ ಕಾಲವನ್ನು ನಾವು ಹೊಗಳಬೇಕಾಗಿಲ್ಲ. ಸಾಮ್ರಾಜ್ಯದ ಪ್ರಜೆಗಳೆಲ್ಲ ಸಮಾನರೆಂಬ ಮಾತು ಎಷ್ಟು ಪೊಳ್ಳೆಂಬುದನ್ನು ಕೋಮಗಾಟಾ ಮಾರು ಹಡಗಿನ ಪ್ರಕರಣ ತೋರಿಸಿತು. 1914ರ ಮೇ 23ರಂದು 376 ಪ್ರಯಾಣಿಕರನ್ನು ಹೊತ್ತ ಆ ಹಡಗು ಕೆನಡಾದ ವ್ಯಾಂಕೂವರ್ ಬಂದರನ್ನು ತಲುಪಿತು. ಪ್ರಯಾಣಿಕರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ವಲಸೆಗಾರನು ತನ್ನ ದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಬಂದಿರಬೇಕೆಂಬ ನಿಯಮ ಕೆನಡಾದಲ್ಲಿ 1908ರಿಂದ ಇತ್ತು. ಭಾರತದಿಂದ ಅಲ್ಲಿಗೆ ನೇರ ಹಡಗೇ ಇರಲಿಲ್ಲ. ಭಾರತೀಯರ ಹೆಸರೆತ್ತದೆ ಭಾರತೀಯರನ್ನು ತಡೆಯುವ ಉಪಾಯ ಅದು. ಎರಡು ತಿಂಗಳು ಬಂದರಿನಲ್ಲಿಯೇ ನಿಂತ ಹಡಗಿನಿಂದ ಕೇವಲ 24 ಮಂದಿಗೆ ಇಳಿಯಲು ಅವಕಾಶ ದೊರೆಯಿತು. ಉಳಿದವರು ಹಿಂದಿರುಗಿ ಕಲ್ಕತ್ತೆಯ ಬಳಿಯ ಬಜ್‌ಬಜ್ ತಲುಪಿದಾಗ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಈ ಅನ್ಯಾಯಕ್ಕಾಗಿ ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ ತಿಂಗಳಲ್ಲಿ.

ಅಮೆರಿಕದ 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ವಲಸೆಗಾರರನ್ನು ನಿಷೇಧಿಸಿತು. 1924ರ ಕಾನೂನಿನ ನಂತರ, ಬಂದರಿನಲ್ಲಿ ತಡೆಯುವ ಬದಲು ಪ್ರಯಾಣಿಕನ ಸ್ವಂತ ದೇಶದಲ್ಲಿರುವ ದೂತಾವಾಸದಲ್ಲಿಯೇ ಪರಿಶೀಲಿಸುವ ಕ್ರಮ ಬಲಗೊಂಡಿತು. ಹೀಗೆ ದೇಶದ ಗಡಿ ಸಾಗರ ದಾಟಿ ಬಂದು ನಮ್ಮ ನಗರಗಳ ಕಿಟಕಿಗಳಲ್ಲಿ ಕುಳಿತಿತು. 1946ರಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ 100 ವಲಸೆಗಾರರ ಮಿತಿಯನ್ನು ಅಮೆರಿಕ ಗೊತ್ತುಮಾಡಿತು. ದೇಶಮೂಲವನ್ನು ನೋಡಿ ಮಿತಿ ಹಾಕುವ ಆ ಪದ್ಧತಿಯನ್ನು ತೆಗೆದುಹಾಕಿದ್ದು 1965ರ ಕಾನೂನು. ಇತ್ತ ಬ್ರಿಟನ್ 1962ರಲ್ಲಿ ಕಾಮನ್‌ವೆಲ್ತ್ ದೇಶಗಳವರ ಪ್ರವೇಶವನ್ನು ಮೊದಲ ಬಾರಿಗೆ ಕಾನೂನಿನಿಂದ ನಿಯಂತ್ರಿಸಿ, 1986ರಲ್ಲಿ ಭಾರತದ ಸಂದರ್ಶಕರಿಗೂ ವೀಸಾ ಕಡ್ಡಾಯಗೊಳಿಸಿತು.

ನಮ್ಮ ರೈತ ದಂಪತಿಗಳನ್ನು ನೋಯಿಸಿದ ಪ್ರಶ್ನೆಯ ಬೇರು ಈ ಇತಿಹಾಸದಲ್ಲಿದೆ. ಉದಾಹರಣೆಗೆ, ಅಮೆರಿಕದ 1952ರ ವಲಸೆ ಕಾನೂನಿನ ಪ್ರಕಾರ ಸಂದರ್ಶಕ ವೀಸಾ ಕೇಳುವ ಪ್ರತಿಯೊಬ್ಬನೂ ನೆಲೆಸಲೆಂದೇ ಬರುವವನೆಂದು ಅಧಿಕಾರಿ ಮೊದಲಿಗೆ ಭಾವಿಸಬೇಕು. ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಅರ್ಜಿದಾರನದು. ನ್ಯಾಯಾಲಯದಲ್ಲಿ ಆರೋಪಿಯನ್ನು ತಪ್ಪು ಸಾಬೀತಾಗುವವರೆಗೆ ನಿರಪರಾಧಿಯೆಂದು ಎಣಿಸುತ್ತಾರೆ. ವೀಸಾ ಕಿಟಕಿಯಲ್ಲಿ ಲೆಕ್ಕ ತಿರುವುಮುರುವು. ಬೇರೆ ದೇಶಗಳ ಕಾನೂನಿನ ಮಾತುಗಳು ಬೇರೆಯಾಗಿದ್ದರೂ ಸಂದರ್ಶಕನು ಅವಧಿ ಮುಗಿಯುವ ಮೊದಲು ಹೊರಡುವನೇ ಎಂಬುದನ್ನು ಎಲ್ಲರೂ ನೋಡುತ್ತಾರೆ. ಆದ್ದರಿಂದ ಆ ಕಿಟಕಿಯಲ್ಲಿ ದೊರೆತ ‘ಇಲ್ಲ’ ಎಂಬ ಉತ್ತರ ವ್ಯಕ್ತಿಯ ಶೀಲದ ಮೇಲೆ ಕೊಟ್ಟ ತೀರ್ಪಲ್ಲ. ಇದನ್ನು ಅಂದೇ ತಿಳಿದಿದ್ದರೆ ಆ ಯಜಮಾನರಿಗೆ ಹೇಳಿ ಸಮಾಧಾನಪಡಿಸುತ್ತಿದ್ದೆ.

ಹೊರಡುವ ಹಕ್ಕು, ಒಳಬರುವ ಅನುಮತಿ

ಪಾಸ್‌ಪೋರ್ಟ್ ಮತ್ತು ವೀಸಾ ಎರಡನ್ನೂ ಒಂದೇ ಎಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಪಾಸ್‌ಪೋರ್ಟ್ ನಮ್ಮ ಸರ್ಕಾರ ನಮಗೆ ಕೊಡುವುದು. ಹಿಂದೆ ಅದನ್ನು ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಯೆಂದು ಎಣಿಸಲಾಗುತ್ತಿತ್ತು. 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ವಿದೇಶ ಪ್ರಯಾಣವು ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿರುವ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಹಾಗೆ ಹೇಳಿದರು, ಇಬ್ಬರು ಒಪ್ಪಲಿಲ್ಲ. ಆ ತೀರ್ಪಿನ ಪರಿಣಾಮವಾಗಿಯೇ ಅದೇ ವರ್ಷದ ಜೂನ್‌ನಲ್ಲಿ ಇಂದಿನ ಪಾಸ್‌ಪೋರ್ಟ್ ಕಾಯಿದೆ ಬಂತು. 1978ರ ಜನವರಿ 25ರಂದು ಮೇನಕಾ ಗಾಂಧಿ ಅವರ ಮೊಕದ್ದಮೆಯಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಪಾಸ್‌ಪೋರ್ಟನ್ನು ಕಸಿದುಕೊಳ್ಳುವ ವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಹೇಳಿತು.

ವೀಸಾ ಹಾಗಲ್ಲ. ಅದು ಇನ್ನೊಂದು ದೇಶ ತನ್ನ ವಿವೇಚನೆಯಿಂದ ಕೊಡುವ ಅನುಮತಿ. ಅದನ್ನು ನಮ್ಮ ಹಕ್ಕೆಂದು ಕೇಳುವಂತಿಲ್ಲ. ವೀಸಾ ದೊರೆತ ಮಾತ್ರಕ್ಕೆ ಒಳಗೆ ಪ್ರವೇಶ ಖಚಿತವೂ ಅಲ್ಲ. ಅಮೆರಿಕದ ಸಂದರ್ಶಕ ವೀಸಾ ಹತ್ತು ವರ್ಷಗಳದ್ದಾಗಿದ್ದರೂ ಪ್ರತಿ ಭೇಟಿಯಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಯೂರೋಪಿನಲ್ಲಿ 1985ರ ಶೆಂಗೆನ್ ಒಪ್ಪಂದದಿಂದ ಬೆಳೆದ ವ್ಯವಸ್ಥೆಯಲ್ಲಿ 2025ರ ಹೊತ್ತಿಗೆ 29 ದೇಶಗಳಿದ್ದವು. ರೋಮ್ ಯಾತ್ರೆಗೆ ಹೋಗುವ ನಮ್ಮ ಭಕ್ತಾದಿಗಳಿಗೆ ಬೇಕಾಗುವುದು ಇದೇ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನಗಳನ್ನು ಮೀರಿ ಅಲ್ಲಿ ಉಳಿಯುವಂತಿಲ್ಲ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ತಂದೆತಾಯಿಗಳ ಅಳಲನ್ನು ಸ್ವಲ್ಪಮಟ್ಟಿಗೆ ಅರಿತ ದೇಶವೂ ಇದೆ. ಕೆನಡಾ 2011ರಲ್ಲಿ, ತನ್ನಲ್ಲಿ ನೆಲೆಸಿದವರ ತಂದೆತಾಯಿ ಮತ್ತು ಅಜ್ಜ ಅಜ್ಜಿಯರಿಗಾಗಿಯೇ ‘ಸೂಪರ್ ವೀಸಾ’ ಎಂಬುದನ್ನು ಆರಂಭಿಸಿತು. 2022ರಿಂದ ಅದರಲ್ಲಿ ಒಮ್ಮೆಗೆ ಐದು ವರ್ಷಗಳವರೆಗೆ ಇರಲು ಅವಕಾಶವಾಯಿತು.

ನಮ್ಮ ಮಣ್ಣಿನ ಕಾಗದಗಳು

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಈ ಬಣ್ಣ, ಈ ಸುಕ್ಕು, ಈ ಹಿತವಾದ ಖಾರ ಈ ಸೀಮೆಗೆ ಸೇರಿದ್ದು ಎಂದು ಸರ್ಕಾರವೇ ಬರೆದುಕೊಟ್ಟಂತಾಯಿತು. ಆದರೆ ಅದನ್ನು ಬೆಳೆದ ರೈತನು ಈ ಮಣ್ಣಿಗೆ ಸೇರಿದವನೆಂದು, ಇದನ್ನು ಬಿಟ್ಟು ಇರಲಾರನೆಂದು ಕಾಗದದಲ್ಲಿ ತೋರಿಸುವುದು ಅಷ್ಟು ಸುಲಭವಲ್ಲ. ಹೊಲದ ಉತಾರದಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರಿರುತ್ತದೆ. ಅಣ್ಣತಮ್ಮಂದಿರ ನಡುವೆ ಪಾಲಾಗಿದ್ದರೂ ಅದು ಬಾಯಿಮಾತಿನಲ್ಲಿಯೇ ಉಳಿದಿರುತ್ತದೆ. ವರ್ಷದ ಗಳಿಕೆ ದಲಾಲಿ ಅಂಗಡಿಯ ಲೆಕ್ಕಪಟ್ಟಿಯಲ್ಲಿರುತ್ತದೆಯೇ ಹೊರತು ಬ್ಯಾಂಕಿನ ಪುಸ್ತಕದಲ್ಲಿ ಅಲ್ಲ. ಜೀವನವಿಡೀ ಆ ಹೊಲದಲ್ಲಿ ದುಡಿದ ತಾಯಿಯ ಹೆಸರಿನಲ್ಲಿ ಒಂದು ಗುಂಟೆಯ ಕಾಗದವೂ ಇರುವುದಿಲ್ಲ.

ಹೆಸರಿನ ತೊಡಕು ಇನ್ನೊಂದು. ನಮ್ಮ ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳ ರೂಢಿಯಿದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹೂಗಾರ, ಬಡಿಗೇರ ಮುಂತಾದ ಅಡ್ಡಹೆಸರುಗಳು ಮನೆತನದ ಕಸುಬನ್ನೋ ಬೆಳೆಯನ್ನೋ ಹೇಳುತ್ತವೆ. ಇವುಗಳನ್ನು ಶಾಲೆಯ ದಾಖಲೆಯಲ್ಲಿ ಒಂದು ಬಗೆಯಾಗಿ, ಆಧಾರ್‌ನಲ್ಲಿ ಇನ್ನೊಂದು ಬಗೆಯಾಗಿ, ನಮ್ಮ ಜ್ಞಾನಸ್ನಾನದ ದಾಖಲೆಯಲ್ಲಿ ಮತ್ತೊಂದು ಬಗೆಯಾಗಿ ಬರೆದಿರುವುದನ್ನು ನಾನೇ ಎಷ್ಟೋ ಬಾರಿ ಕಂಡಿದ್ದೇನೆ. ಕೆಲವರ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುತ್ತದೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಹೀಗೆ ಒಂದೇ ಪದದ ಹೆಸರುಳ್ಳವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಅನಂತರ ಸ್ಪಷ್ಟಪಡಿಸಲಾಯಿತು. ಹುಟ್ಟಿದ ದಿನದ ವಿಷಯವೂ ಹೀಗೆಯೇ. 2025ರಲ್ಲಿ ತಿದ್ದುಪಡಿಯಾದ ನಮ್ಮ ಪಾಸ್‌ಪೋರ್ಟ್ ನಿಯಮದ ಪ್ರಕಾರ 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಅದಕ್ಕೂ ಮೊದಲು ಹುಟ್ಟಿದವರು ಶಾಲಾ ದಾಖಲೆ ಮುಂತಾದ ಬೇರೆ ಪುರಾವೆಗಳನ್ನು ಕೊಡಬಹುದು. ಆದ್ದರಿಂದ ಎಳೆಯ ದಂಪತಿಗಳಲ್ಲಿ ನನ್ನ ವಿನಂತಿ: ಮಗು ಹುಟ್ಟಿದಾಗಲೇ ಹೆಸರನ್ನು ಪೂರ್ಣವಾಗಿ, ಒಂದೇ ಬಗೆಯಲ್ಲಿ ಬರೆಸಿರಿ.

ಪಾಸ್‌ಪೋರ್ಟ್ ಪಡೆಯುವ ಮಾರ್ಗ ಹಿಂದಿಗಿಂತ ಸುಲಭವಾಗಿದೆ ಎಂಬುದನ್ನೂ ಹೇಳಬೇಕು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಬೆಂಗಳೂರು, ಮಂಗಳೂರುಗಳ ಜೊತೆ ಹುಬ್ಬಳ್ಳಿಗೂ ಕೇಂದ್ರ ಬಂತು. 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಕೇಂದ್ರ ಮೊದಲಿಗೆ ಆರಂಭವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಸುಳ್ಳಿನ ಸಹಾಯ ಬೇಡ

ಆ ದಂಪತಿಗಳು ಬಂದುಹೋದ ಕೆಲವು ದಿನಗಳಲ್ಲಿ ಮಧ್ಯವರ್ತಿಯೊಬ್ಬನು ಅವರ ಮನೆಗೆ ಬಂದಿದ್ದನಂತೆ. ಬ್ಯಾಂಕ್ ಖಾತೆಗೆ ಎಂಟು ದಿನಗಳ ಮಟ್ಟಿಗೆ ದೊಡ್ಡ ಮೊತ್ತ ಹಾಕಿಸಿಕೊಡುತ್ತೇನೆ, ಪೇಟೆಯಲ್ಲಿ ಅಂಗಡಿಯಿದೆಯೆಂಬ ಕಾಗದ ಮಾಡಿಸಿಕೊಡುತ್ತೇನೆ ಎಂದು ಅವನು ಹೇಳಿದ. ಯಜಮಾನರು ನನ್ನ ಬಳಿ ಬಂದು, “ಮಗಳ ಸಲುವಾಗಿ ಒಂದು ಸುಳ್ಳು ಹೇಳಿದ್ರ ನಡೀತೈತೇನ್ರಿ ಫಾದರ್?” ಎಂದು ಕೇಳಿದರು. ಗುರುವಿನ ಬಾಯಿಂದ ಬರುವ ಉತ್ತರ ಅವರಿಗೆ ಗೊತ್ತಿತ್ತು. ಆದರೂ ಕೇಳಿದರೆಂದರೆ ಅವರ ಸಂಕಟ ಎಷ್ಟಿತ್ತೆಂದು ನೀವೇ ಊಹಿಸಿ.

ಇದರಲ್ಲಿ ಧರ್ಮದ ಮಾತು ಎಷ್ಟಿದೆಯೋ ಲೋಕವ್ಯವಹಾರದ ಮಾತೂ ಅಷ್ಟೇ ಇದೆ. ಸತ್ಯ ಹೇಳಿ ನಿರಾಕರಣೆಗೊಂಡವನು ಮತ್ತೆ ಅರ್ಜಿ ಹಾಕಬಹುದು. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವನಿಗೆ ಬ್ರಿಟನ್ನಿನಲ್ಲಿ ಹತ್ತು ವರ್ಷಗಳವರೆಗೆ ಬಾಗಿಲು ಮುಚ್ಚಬಹುದು. ಅಮೆರಿಕದ ಕಾನೂನಿನಲ್ಲಿ ಅದು ಜೀವಮಾನವಿಡೀ ಅನರ್ಹತೆಗೆ ಕಾರಣವಾಗಬಹುದು. ಧರ್ಮಕೇಂದ್ರದ ಗುರುವಿನ ಶಿಫಾರಸು ಪತ್ರ ಕೇಳಿ ಬರುವವರಿಗೂ ನಾನು ಹೇಳುವುದಿಷ್ಟೆ: ನನಗೆ ತಿಳಿದದ್ದನ್ನು ಮಾತ್ರ ಬರೆಯುತ್ತೇನೆ. ಅದಕ್ಕೆ ಎಷ್ಟು ಬೆಲೆಯೆಂಬುದನ್ನು ಕಿಟಕಿಯಾಚೆ ಕುಳಿತವರು ತೀರ್ಮಾನಿಸುತ್ತಾರೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಸಂದರ್ಶಕ ವೀಸಾ ದುಡಿಮೆಗಲ್ಲ. ಹತ್ತನೆಯ ತರಗತಿ ದಾಟದ ಕಾರ್ಮಿಕರು ಕೊಲ್ಲಿ ರಾಷ್ಟ್ರಗಳೇ ಮುಂತಾದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಪಡೆಯುವ ವ್ಯವಸ್ಥೆಯನ್ನು 1983ರ ವಲಸೆ ಕಾಯಿದೆ ತಂದದ್ದು ಅವರ ರಕ್ಷಣೆಗಾಗಿ. ಅದನ್ನು ತಪ್ಪಿಸಲು ಕೆಲವು ಮಧ್ಯವರ್ತಿಗಳು ಸಂದರ್ಶಕ ವೀಸಾದಲ್ಲಿ ಜನರನ್ನು ಕಳುಹಿಸುತ್ತಾರೆ. ಹಾಗೆ ಹೋದವನಿಗೆ ಸಂಬಳ ಸಿಗದಿದ್ದರೆ ದೂರುವ ಅವಕಾಶವೂ ಕಡಿಮೆ, ಏಕೆಂದರೆ ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಅವನು ಕಾರ್ಮಿಕನೇ ಅಲ್ಲ.

ಮರಳಿದವರು

ಗಡಿಯ ಕಾವಲು ಎಷ್ಟೇ ಬಿಗಿಯಾಗಿದ್ದರೂ ಮನುಷ್ಯತ್ವ ಅದನ್ನು ಸಡಿಲಿಸಿದ ಘಳಿಗೆಗಳೂ ಇವೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಎರಗಿದಾಗ, ಅಲ್ಲಿಂದ ತಪ್ಪಿಸಿಕೊಂಡು ಬರುವ ಭಾರತೀಯ ವಿದ್ಯಾರ್ಥಿಗಳಿಗೆ ವೀಸಾ ಇಲ್ಲದೆಯೇ ಪ್ರವೇಶ ಕೊಡುವುದಾಗಿ ಪೋಲೆಂಡ್ ಹೇಳಿತು. ಅನೇಕರು ಹಾಗೆ ಗಡಿ ದಾಟಿ ಮನೆ ಸೇರಿದರು. ನಮ್ಮ ರಾಣೇಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬನಿಗೆ ಆ ಭಾಗ್ಯವಿರಲಿಲ್ಲ. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಗೆ ಹೋಗಿದ್ದಾಗ ಅವನು ದಾಳಿಗೆ ಬಲಿಯಾದ. ಮಾರ್ಚ್ 21ರಂದು ಅವನ ಪಾರ್ಥಿವ ಶರೀರ ಊರಿಗೆ ಬಂತು. ಅಂತಿಮ ವಿಧಿಗಳ ನಂತರ ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ವೈದ್ಯನಾಗಿ ಮರಳಬೇಕಿದ್ದ ಮಗ ವೈದ್ಯರಾಗುವವರ ಕಲಿಕೆಗೆ ನೆರವಾದ. ‘ಮರಳಿ ಬರುವೆಯಾ?’ ಎಂಬ ಮಾತು ಒಂದು ಮನೆಗೆ ಎಷ್ಟು ಭಾರವಾಗಬಲ್ಲದೆಂಬುದನ್ನು ಚಳಗೇರಿ ಬಲ್ಲದು.

ಬ್ಯಾಡಗಿ ತಾಲೂಕಿನ ಕಾಗಿನೆಲೆ ಕನಕದಾಸರ ನೆಲೆ. ಉಡುಪಿಯಲ್ಲಿ ಅವರನ್ನು ಒಳಗೆ ಬಿಡದಿದ್ದಾಗ ಗೋಡೆಯೇ ಬಿರುಕುಬಿಟ್ಟು ದರ್ಶನವಾಯಿತೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಬಾಗಿಲಲ್ಲಿ ತಡೆಯಲ್ಪಟ್ಟವನು ಅದರಿಂದ ಸಣ್ಣವನಾಗುವುದಿಲ್ಲವೆಂಬುದನ್ನು ಈ ಸೀಮೆಯ ಜನರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಆ ದಂಪತಿಗಳ ಕಥೆಯನ್ನು ಮುಗಿಸುತ್ತೇನೆ. ಮಧ್ಯವರ್ತಿಯನ್ನು ಅವರು ಹಿಂದಕ್ಕೆ ಕಳುಹಿಸಿದರು. ಹೆರಿಗೆಗೆ ಹೋಗಲಾಗಲಿಲ್ಲ. ಮೊಮ್ಮಗಳು ಎರಡು ವರ್ಷದವಳಾದಾಗ ತಾಯಿಯೊಡನೆ ಊರಿಗೆ ಬಂದಳು. ಅಲ್ಲಿಯೇ ಹುಟ್ಟಿ ಆ ದೇಶದ ಪ್ರಜೆಯಾದ ಮಗುವಿಗೆ ತನ್ನ ಅಜ್ಜನ ಮನೆಗೆ ಬರಲು ನಮ್ಮ ಸರ್ಕಾರದ ಕಾಗದ ಬೇಕಾಗಿತ್ತು. 2005ರ ಕಾನೂನು ತಿದ್ದುಪಡಿಯಿಂದ ರೂಪುಗೊಂಡ ‘ಸಾಗರೋತ್ತರ ಭಾರತೀಯ ನಾಗರಿಕ’ ಯೋಜನೆಯಡಿ ಅದು ದೊರೆತಿತ್ತು. “ನಮ್ಮ ಕೂಸಿಗೂ ನಮ್ಮ ದೇಶ ಕಾಗದ ಕೇಳ್ತದಲ್ರಿ” ಎಂದು ಯಜಮಾನರು ನಕ್ಕದ್ದು ನನಗೆ ನೆನಪಿದೆ. ಕಿಟಕಿಯಾಚೆ ಕುಳಿತವರ ಮೇಲಿದ್ದ ಅವರ ಸಿಟ್ಟು ಆ ದಿನ ಅರ್ಧ ಇಳಿಯಿತೆಂದು ನನಗನ್ನಿಸಿತು.

ಮರುವರ್ಷ ಅವರು ಮತ್ತೆ ಅರ್ಜಿ ಹಾಕಿದರು. ಈ ನಡುವೆ ಉತಾರದಲ್ಲಿ ಅವರ ಹೆಸರು ಬಂದಿತ್ತು, ಮೆಣಸಿನಕಾಯಿ ಮಾರಿದ ಹಣ ಬ್ಯಾಂಕಿನ ಮೂಲಕವೇ ಬರುವಂತೆ ಮಾಡಿಕೊಂಡಿದ್ದರು. ಯಾವಾಗ ಬರುತ್ತೀರೆಂದು ಕೇಳಿದಾಗ, ಮುಂಗಾರು ಬಿತ್ತನೆಗೆ ಬರಲೇಬೇಕೆಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರಂತೆ. ಈ ಬಾರಿ ವೀಸಾ ದೊರೆಯಿತು.

ಹತ್ತು ವಾರಗಳ ನಂತರ, ಮೃಗಶಿರಾ ಮಳೆ ಹೂಡುವ ಮೊದಲಿನ ಭಾನುವಾರ, ಅವರಿಬ್ಬರೂ ಅದೇ ಕಟ್ಟೆಯ ಮೇಲೆ ಕುಳಿತಿದ್ದರು. ಯಜಮಾನರು ಪಾಸ್‌ಪೋರ್ಟನ್ನು ತೆರೆದು ನನಗೆ ತೋರಿಸಿದರು. ಅವರ ಬೆರಳು ಇದ್ದದ್ದು ಆ ದೇಶದ ವೀಸಾದ ಮೇಲಲ್ಲ. ನಮ್ಮ ವಿಮಾನ ನಿಲ್ದಾಣದಲ್ಲಿ ಒತ್ತಿದ, ಭಾರತಕ್ಕೆ ಮರಳಿದ ದಿನಾಂಕದ ಮುದ್ರೆಯ ಮೇಲೆ. “ನೋಡ್ರಿ ಫಾದರ್, ಬಂದೀವಿ” ಎಂದರು. ತಾಯಿ ಮೊಮ್ಮಗಳ ಮಾತು, ಅವಳ ಆಟ, ಅವಳಿಗೆ ತಾನು ಕಲಿಸಿದ ಕನ್ನಡದ ಬಗ್ಗೆ ಹೇಳತೊಡಗಿದರು. ಯಜಮಾನರು ಹೆಚ್ಚು ಹೊತ್ತು ಕೂರಲಿಲ್ಲ. ಹೊಲ ಹದಕ್ಕೆ ಬಂದಿತ್ತು.